ಜುಲೈಗೆ ಇಲ್ಲಿ ನಾಲ್ಕಾಳುದ್ದ ನೀರು

ಹೊರಟದ್ದು ಜೈಸಲ್ಮೇರಿಗೆ.
ಕ್ಲಚ್ಚು ಕೈಕೊಟ್ಟದ್ದು ಗುಡ್ಡೆಹೊಸೂರಿನಲ್ಲಿ.

ಸುಂಟಿಕೊಪ್ಪದಿಂದ ಉಮ್ಮರ್ ಬಂದ, ಅಡಿಗೆ ನುಸುಳಿದ,
ಬೆನ್ನ ಮೇಲೆ ಮಲಗಿಕೊಂಡೇ ಹೇಳಿದ:
"ಅಕ್ಕಾ, ಇದು ಮಕ್ಕಳನ್ನು ಹತ್ತಿಸಿ ಇಳಿಸಿ ಸವೆದ ಗಾಡಿ.
ಹತ್ತಿಪ್ಪತ್ತು ಮೈಲಿ ಹೋದೀತು. ಮರಳಿಗಲ್ಲ."

ಹದಿನಾರು ವರ್ಷ ಇದೇ ಸ್ಟಿಯರಿಂಗಿನ ಹಿಂದೆ ನಾನು.
ಶಾಲೆ ಮುಚ್ಚಿತು, ಗಾಡಿ ನನಗುಳಿಯಿತು.
ಸೀಟು ಕೀಳಿಸಿ ಮಂಚ ಹಾಕಿಸಿದೆ, ಗ್ಯಾಸಿನ ಒಲೆ, ಪರದೆ.
ಹಳದಿಯ ಮೇಲೆ ಎರಡು ಸಲ ಬಿಳಿ ಬಳಿದರೂ
ಓರೆ ಬಿಸಿಲಿಗೆ 'ಶಾಲಾ ವಾಹನ' ಎಂಬುದು
ಹೊಲಿಗೆ ಹಾಕಿದ ಗಾಯದ ಹಾಗೆ ಮೇಲೇಳುತ್ತದೆ.
ಒಂದು ಸೀಟು ಮಾತ್ರ ಬರಲೇ ಇಲ್ಲ;
ಬೋಲ್ಟು ತುಕ್ಕು ಹಿಡಿದು ನೆಲಕ್ಕೆ ಬೇರು ಬಿಟ್ಟಿತ್ತು.
ಅದರ ಬೆನ್ನಿಗೆ ಕೈವಾರದ ಮೊನೆಯಲ್ಲಿ ಯಾರೋ ಗೀಚಿದ್ದು:
ಇದು ನನ್ನ ಜಾಗ.

"ಮರುಭೂಮಿ ಬೇಕು ತಾನೆ?" ಎಂದಳು ತಂಗಿ ಚೋಂದವ್ವ.
ಅಮ್ಮತ್ತಿಯ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡಿ ಮಾಡಿ
ಇಪ್ಪತ್ತು ದಿನದ ರಜೆ ಕೂಡಿಟ್ಟವಳು,
ಅದನ್ನು ಗ್ಯಾರೇಜಿನ ಬೆಂಚಿನ ಮೇಲೆ ಕಳೆಯುವವಳಲ್ಲ.
"ಹಾರಂಗಿ ಹಿನ್ನೀರು ಈಗ ಏನಾಗಿದೆ, ನೋಡಿದ್ದೀಯಾ?"

ಏಪ್ರಿಲ್ ಕೊನೆ. ನೀರು ಹಿಂದೆ ಹಿಂದೆ ಸರಿದು ಬಿಟ್ಟುಹೋದ ನೆಲ
ಕಣ್ಣು ಹೋದಷ್ಟೂ ಕೆಸರಿನ ಹಪ್ಪಳ, ಬೂದು, ಬಿರುಕು;
ಬಿರುಕಿನೊಳಗೆ ಕಪ್ಪೆಚಿಪ್ಪು, ಮೀನಿನ ಮುಳ್ಳು, ಹರಿದ ಬಲೆ,
ನಲವತ್ತು ವರ್ಷ ನೆನೆದೂ ಕೊಳೆಯದ ಮರದ ಬುಡಗಳು.
ಮೊದಲ ಗೇರಿನಲ್ಲಿ ಇಳಿಸಿದೆ,
ಹಿಂದೆ ಇಪ್ಪತ್ತೆರಡು ಮಕ್ಕಳು ಕೂತಿದ್ದಾರೆ ಎನ್ನುವ ಹಾಗೆ.

ಮೂರು ಕ್ಯಾನು ನೀರು. ಚೋಂದವ್ವ ಚೀಟಿ ಬರೆದಳು
ಸಲೈನಿನ ಲೆಕ್ಕ ಬರೆಯುವ ಅಕ್ಷರದಲ್ಲಿ:
ಮುಖಕ್ಕೆ ಒಂದು ಲೋಟ. ಕಾಫಿಗೆ ಎರಡು.
ಪಾತ್ರೆಗೆ ಇಲ್ಲ, ಬೂದಿ.
ಆಟಿ ತಿಂಗಳಲ್ಲಿ ಕೊಡೆಯೊಳಗೇ ನೆನೆದವರು,
ಶಾಲೆಯ ಲಂಗವನ್ನು ಒಲೆಯ ಹೊಗೆಗೆ ಹಿಡಿದು ಒಣಗಿಸಿದವರು,
ಅಣೆಕಟ್ಟೆಯ ಹೊಟ್ಟೆಯಲ್ಲಿ ಕೂತು
ಹನಿ ಎಣಿಸಿದೆವು.

ಚಂದವಿತ್ತು ಎನ್ನಲಾರೆ. ಮಧ್ಯಾಹ್ನ ತಗಡು ಕಾದು
ಒಳಗೆ ಕಡಂಬಿಟ್ಟು ಬೇಯಿಸಬಹುದಿತ್ತು.
ಕಾಚಂಪುಳಿಯ ಸೀಸೆಗೂ ಧೂಳು ಹೊಕ್ಕಿತು.
ಗಾಡಿಯ ನೆರಳು ಸರಿದಂತೆ ಚಾಪೆ ಎಳೆದೆವು, ಮತ್ತೆ ಎಳೆದೆವು,
ಯಾವುದೋ ಮಾತಿಗೆ ಜಗಳವನ್ನೂ ಆಡಿದೆವು.

ಸಂಜೆ ಒಬ್ಬ ಬಂದ, ತಲೆ ಮೇಲೆ ಹರಿಗೋಲು ಮಗುಚಿಕೊಂಡು,
ದೂರಕ್ಕೆ ಆಮೆಯೊಂದು ಎದ್ದು ನಡೆದಂತೆ.
ಸಣ್ಣೀರ ಅಂತೆ ಹೆಸರು.
ಚಕ್ರ ನೋಡಿದ, ಮಾಡು ನೋಡಿದ,
ಅದರ ಮೇಲಿನ ಖಾಲಿಯನ್ನು ಮೊಳ ಹಾಕಿ ಅಳೆದ.
"ಜುಲೈಗೆ ಇಲ್ಲೇ ನಾನು ಬಲೆ ಬಿಡಾದು.
ನಿಮ್ಮ ಮಾಡಿನ ಮ್ಯಾಲೆ ಇನ್ನೂ ನಾಕಾಳುದ್ದ ನೀರು.
ಇರ್ತೀರಾ ಅಲ್ಲೀಗಂಟ?"
ನಗಲಿಲ್ಲ. ಕಾಫಿ ಕುಡಿದ,
ಕ್ಯಾನಿನ ಕಡೆ ಒಮ್ಮೆ ನೋಡಿ
ಲೋಟವನ್ನು ಪಂಚೆಯ ತುದಿಗೆ ಒರೆಸಿಟ್ಟ.
"ರಾತ್ರಿ ದೀಪ ಆರ್ಸಿ. ಅವು ಬತ್ತವೆ ನೀರಿಗೆ."

ಬಂದವು.
ನೋಡಿದೆವು ಎನ್ನುವುದು ಸುಳ್ಳು.
ನಕ್ಷತ್ರ ನೆಲದವರೆಗೂ ಇದ್ದವು,
ಆಮೇಲೆ ಒಂದು ಕಡೆ ಇರಲಿಲ್ಲ.
ಆ ಇಲ್ಲದ ಜಾಗ ಮೆಲ್ಲಗೆ ಸರಿಯಿತು,
ಹಿಂದೆ ಇನ್ನೊಂದು, ನಡುವೆ ಚಿಕ್ಕದೊಂದು.
ಹಪ್ಪಳ ಮುರಿಯುವ ಸದ್ದು.
ಚೋಂದವ್ವ ನನ್ನ ಮಣಿಕಟ್ಟು ಹಿಡಿದಳು,
ಹೆದರಿದ್ದಾಳೆ ಅಂದುಕೊಂಡೆ.
ಬೆಳಿಗ್ಗೆ ಹೇಳಿದಳು: ನಿನ್ನ ನಾಡಿ ನೂರಹದಿನೆಂಟಿತ್ತು.

ಬಾಗಿಲ ಬಳಿ ಮೊರದಗಲ ಹೆಜ್ಜೆ, ಪಕ್ಕದಲ್ಲಿ ತಟ್ಟೆಯಗಲ.
ಹಿಂಬದಿಗೆ ಯಾರೋ ಮೈಯುಜ್ಜಿ
ಬಿಳಿ ಹೋಗಿ, ಒಂದು ಗೇಣು ಹಳದಿ.
ಸಿಗ್ನಲ್ಲಿಗಾಗಿ ಮರದ ಬುಡ ಹತ್ತಿ ನಿಂತು ಉಮ್ಮರಿಗೆ ಹೇಳಿದೆ:
ಕ್ಲಚ್ಚು ತಾ, ಬಣ್ಣ ಬೇಡ.
"ಜೈಸಲ್ಮೇರಿಗಾ ಅಕ್ಕಾ?" ಎಂದ.
ಲೈನು ಕಟ್ಟಾಯಿತು.

ಒಳಗೆ ಚೋಂದವ್ವ ಆ ಪುಟ್ಟ ಸೀಟಿನಲ್ಲಿ
ಮೊಣಕಾಲು ಎದೆಗೆ ಒತ್ತಿಕೊಂಡು ಕೂತು
ಉಳಿದ ಒಂದೂವರೆ ಕ್ಯಾನನ್ನು
ಇನ್ನೂ ಒಂದು ದಿನಕ್ಕೆ ಪಾಲು ಹಾಕುತ್ತಿದ್ದಳು.